ಸಾಂಗಲಿಯ ಲತಾ ಗೊತ್ತು, ಬೀಳಗಿಯ ಅಮೀರಬಾಯಿ?

ಬಿಳೂರಿನ ಯಾವುದೇ ಚಹಾದಂಗಡಿಯ ಕಟ್ಟೆಯ ಮೇಲೆ ಕುಳಿತು 'ಲತಾ ಮಂಗೇಶಕರ ಅಂದ್ರ ಯಾರು?' ಎಂದು ಕೇಳಿ ನೋಡಿ. ಉತ್ತರ ಸಿಗುವ ಮೊದಲು ಕೇಳಿದವನನ್ನೇ ಮೇಲಿಂದ ಕೆಳಗೆ ನೋಡುತ್ತಾರೆ. ಲತಾ ದೀದಿ ನಮ್ಮ ಜಿಲ್ಲೆಯ ಸಾಂಗಲಿಯಲ್ಲಿ ಆಡಿ ಬೆಳೆದವರು, ಇದನ್ನೂ ಕೇಳೂದೇನು? ಅದೇ ಕಟ್ಟೆಯ ಮೇಲೆ 'ಅಮೀರಬಾಯಿ ಕರ್ನಾಟಕಿ ಅಂದ್ರ ಯಾರು?' ಎಂದು ಕೇಳಿ. ಹರೆಯದವರು ಮುಖ ಮುಖ ನೋಡಿಕೊಂಡಾರು. ತಲೆ ಹಣ್ಣಾದವರು ಯಾರಾದರೂ ಇದ್ದರೆ, 'ವಿಜಾಪುರದ ಅಮೀರ ಟಾಕೀಜಿನ ಹೆಸರಿನಾಕಿ ಏನ್ರೀ?' ಎಂದು ತಿರುಗಿ ಕೇಳಿದರೆ ದೊಡ್ಡದು.

ಬಿಳೂರಿನಂಥ ಊರಿಗೆ ಇವರಿಬ್ಬರೂ ದೂರದವರಲ್ಲ. ಕಚೇರಿ ಕಾಗದಪತ್ರಕ್ಕೆ ಸಾಂಗಲಿಗೆ ಹೋಗುವ ಮಂದಿ ನಾವು. ಸಂತೆ, ದವಾಖಾನೆ, ಬೀಗಸ್ತನಕ್ಕೆ ವಿಜಾಪುರದ ಕಡೆ ಹೋಗುವವರೂ ನಾವೇ. ಒಂದು ಕಡೆ ಮರಾಠಿ ನಾಟಕದ ತವರುಮನೆ, ಇನ್ನೊಂದು ಕಡೆ ಅಮೀರಬಾಯಿ ಹುಟ್ಟಿದ ಸೀಮೆ. ನಾವು ನಡುವೆ ಇದ್ದವರು. ನಡುವೆ ಇದ್ದವರಿಗೇ ಎರಡೂ ಮನೆಯ ಲೆಕ್ಕ ಗೊತ್ತಿರಬೇಕು ಎಂಬುದಕ್ಕೆ ಈ ಬರಹ.

ಲೆಕ್ಕವನ್ನು ಒಂದು ರಿಕಾರ್ಡಿನಿಂದಲೇ ಶುರು ಮಾಡೋಣ. 1950ರಲ್ಲಿ ತೆರೆಗೆ ಬಂದ ಹಿಂದಿ ಚಿತ್ರ 'ಸಮಾಧಿ'. ಆಜಾದ್ ಹಿಂದ್ ಸೇನೆಯ ಹಿನ್ನೆಲೆಯ ಕಥೆ, ಅಶೋಕಕುಮಾರ ನಾಯಕ, ಸಿ. ರಾಮಚಂದ್ರ ಅವರ ಸಂಗೀತ. ಅದರಲ್ಲಿ ಅಕ್ಕ-ತಂಗಿಯರಿಬ್ಬರು ಕೂಡಿ ಕುಣಿಯುವ 'ಗೋರೆ ಗೋರೆ' ಎಂಬ ಹಾಡಿದೆ. ಇಂದಿಗೂ ಮದುವೆ ಬ್ಯಾಂಡಿನವರು ಅದನ್ನು ಬಿಟ್ಟಿಲ್ಲ. ತೆರೆಯ ಮೇಲೆ ತಂಗಿಯಾಗಿ ನಳಿನಿ ಜಯವಂತ, ಅಕ್ಕನಾಗಿ ಕುಲದೀಪ ಕೌರ್. ತೆರೆಯ ಹಿಂದೆ ನಳಿನಿಗೆ ದನಿ ಕೊಟ್ಟವರು ಲತಾ ಮಂಗೇಶಕರ, ಕುಲದೀಪ ಕೌರ್‌ಗೆ ದನಿ ಕೊಟ್ಟವರು ಅಮೀರಬಾಯಿ ಕರ್ನಾಟಕಿ. ಸಾಂಗಲಿಯ ಹುಡುಗಿ, ಬೀಳಗಿಯ ಹೆಂಗಸು ಒಂದೇ ಹಾಡಿನಲ್ಲಿ. ಒಬ್ಬರು ಮೇಲೇರುವ ಮೆಟ್ಟಿಲ ಮೇಲೆ, ಇನ್ನೊಬ್ಬರು ಇಳಿಯುವ ಮೆಟ್ಟಿಲ ಮೇಲೆ.

ನಾಟಕದ ಮನೆಯ ಮಗಳು

ಬೀಳಗಿ ಅಂದಿನ ವಿಜಾಪುರ ಜಿಲ್ಲೆಯ ಊರು. 1997ರಲ್ಲಿ ಜಿಲ್ಲೆ ಒಡೆದ ಮೇಲೆ ಬಾಗಲಕೋಟೆಗೆ ಸೇರಿತು. (ಬಿಳೂರ, ಬೀಳಗಿ - ಹೆಸರು ಕೇಳಿದರೆ ಅಕ್ಕ-ತಂಗಿ ಅನಿಸಬೇಕು.) 20ನೇ ಶತಮಾನದ ಆರಂಭದ ವರ್ಷಗಳಲ್ಲಿ ಅಲ್ಲಿ ಹುಟ್ಟಿದ ಅಮೀರಬಾಯಿಯದು ಹಾಡು, ತಬಲಾ, ನಾಟಕದ ಮನೆತನ. ನಾಟಕ ಕಂಪನಿಗಳೇ ಆ ಕಾಲಕ್ಕೆ ಶಾಲೆ, ಅವೇ ಅನ್ನ. ಅಕ್ಕ-ತಂಗಿಯರಲ್ಲಿ ಇಬ್ಬರು ಹೆಸರಾದರು. ಒಬ್ಬರು ಗೋಹರಬಾಯಿ, ಇನ್ನೊಬ್ಬರು ಅಮೀರಬಾಯಿ. ಇಬ್ಬರೂ ಮುಂಬಯಿಗೆ ಹೋದಾಗ ಹೆಸರಿನ ಹಿಂದೆ ಅಂಟಿಸಿಕೊಂಡದ್ದು 'ಕರ್ನಾಟಕಿ' ಎಂಬ ಗುರುತು.

ಆಗಿನ ಮುಂಬಯಿಯಲ್ಲಿ ಊರ ಹೆಸರಿನಿಂದ ಹಾಡುವವರನ್ನು ಕರೆಯುವುದು ರೂಢಿಯೇ ಆಗಿತ್ತು. ಪಂಜಾಬದ ಅಂಬಾಲಾದಿಂದ ಬಂದಾಕೆ ಜೋಹ್ರಾಬಾಯಿ ಅಂಬಾಲೆವಾಲಿ. ಆದರೆ ಅಂಬಾಲಾ ಎಂಬುದು ನಕಾಶೆಯಲ್ಲಿ ಇದ್ದ ಊರು. ಅಮೀರಬಾಯಿ ಮುಂಬಯಿಗೆ ಹೋದಾಗ ಕರ್ನಾಟಕ ಎಂಬ ರಾಜ್ಯವೇ ಎಲ್ಲಿತ್ತು? ವಿಜಾಪುರ ಮುಂಬಯಿ ಪ್ರಾಂತದಲ್ಲಿ. ನಮ್ಮ ಜತ್ತ ಡಫಳೆ ಸರಕಾರದ ಸಂಸ್ಥಾನ, ಅದರ ಮೇಲ್ವಿಚಾರಣೆ ಬ್ರಿಟಿಷರ ವಿಜಾಪುರ ಏಜೆನ್ಸಿಯ ಕೈಯಲ್ಲಿ. ಸಾಂಗಲಿ ಪಟವರ್ಧನರದು. 1948ರಲ್ಲಿ ಸಂಸ್ಥಾನಗಳು ವಿಲೀನವಾದವು. 1956ರಲ್ಲಿ ಗೆರೆ ಎಳೆದಾಗ ವಿಜಾಪುರ ಮೈಸೂರು ರಾಜ್ಯಕ್ಕೆ ಹೋಯಿತು, ಜತ್ತ ಮುಂಬಯಿ ರಾಜ್ಯದಲ್ಲಿಯೇ ಉಳಿಯಿತು. ಕರ್ನಾಟಕ ಎಂಬ ಹೆಸರು ರಾಜ್ಯಕ್ಕೆ ಬಂದದ್ದು 1973ರ ನವೆಂಬರ್ 1ಕ್ಕೆ. ಅಮೀರಬಾಯಿ ತೀರಿಕೊಂಡದ್ದು 1965ರಲ್ಲಿ. ತನ್ನ ಹೆಸರಿನ ರಾಜ್ಯವನ್ನು ನೋಡದೆಯೇ ಆ ಹೆಸರನ್ನು ಮೂವತ್ತು ವರ್ಷ ಹಿಂದೂಸ್ತಾನದ ತುಂಬ ಹೊತ್ತು ತಿರುಗಿದ ಹೆಂಗಸು ಅವರು.

ಬಣ್ಣ ಹಚ್ಚಿದ್ದು, ಹಾಡಿದ್ದು

1934ರ 'ವಿಷ್ಣುಭಕ್ತಿ' ಅಮೀರಬಾಯಿ ಅವರ ಮೊದಲ ಚಿತ್ರ. ಅಕ್ಕ ಗೋಹರಬಾಯಿಯ ಬೆನ್ನಿಗೆ ಬಂದವರು ನಟಿಯಾಗಿಯೇ ಸಿನಿಮಾಕ್ಕೆ ಸೇರಿದರು. ಆ ಕಾಲದಲ್ಲಿ ನಟಿಸುವುದು ಬೇರೆ, ಹಾಡುವುದು ಬೇರೆ ಎಂಬ ಭೇದ ಇರಲಿಲ್ಲ. ಕ್ಯಾಮೆರಾದ ಮುಂದೆ ನಿಂತವರೇ ಹಾಡಬೇಕು. ಮೈಕು ಗಿಡದ ಮರೆಯಲ್ಲೋ ಪರದೆಯ ಹಿಂದೋ. 1935ರಲ್ಲಿ ಕಲಕತ್ತೆಯ ನ್ಯೂ ಥಿಯೇಟರ್ಸ್ ಕಂಪನಿಯವರು ಹಾಡನ್ನು ಮೊದಲೇ ಧ್ವನಿಮುದ್ರಿಸಿಕೊಂಡು, ಆಮೇಲೆ ಅದಕ್ಕೆ ತುಟಿ ಆಡಿಸುವ ಪದ್ಧತಿ ತಂದರು. ಅಲ್ಲಿಂದ ಚಂದ ಇದ್ದವರು ತೆರೆಯ ಮುಂದೆ, ಕಂಠ ಇದ್ದವರು ತೆರೆಯ ಹಿಂದೆ ಆದರು. ಅಮೀರಬಾಯಿ ಎರಡೂ ಕಾಲವನ್ನು ಕಂಡವರು. ಕೆಲವು ವರ್ಷ ಸಣ್ಣ ದೊಡ್ಡ ಪಾತ್ರ ಮಾಡಿಕೊಂಡು ಇದ್ದರು. ಹೇಳಿಕೊಳ್ಳುವಂಥ ಹೆಸರು ಬರಲಿಲ್ಲ.

ಹೆಸರು ಬಂದದ್ದು 1943ರಲ್ಲಿ, ಬಾಂಬೆ ಟಾಕೀಜಿನ 'ಕಿಸ್ಮತ್' ಚಿತ್ರದಿಂದ. ಜ್ಞಾನ ಮುಖರ್ಜಿ ನಿರ್ದೇಶನ, ಅನಿಲ ಬಿಸ್ವಾಸ್ ಸಂಗೀತ, ಅಶೋಕಕುಮಾರ ಹಾಗೂ ಮುಮ್ತಾಜ್ ಶಾಂತಿ ಜೋಡಿ. ಕಲಕತ್ತೆಯ ರಾಕ್ಸಿ ಟಾಕೀಜಿನಲ್ಲಿ ಮೂರು ವರ್ಷಕ್ಕೂ ಮಿಕ್ಕಿ ಓಡಿದ ಚಿತ್ರವಿದು. ಮುಂದೆ ಮೂರು ದಶಕದ ಮೇಲೆ 'ಶೋಲೆ' ಬರುವವರೆಗೂ ಅಷ್ಟು ದಿನ ಓಡಿದ ಇನ್ನೊಂದು ಚಿತ್ರ ಇರಲಿಲ್ಲ. ಇದರಲ್ಲಿ ನಾಯಕಿಯ ಹಾಡುಗಳಿಗೆ ದನಿ ಕೊಟ್ಟವರು ಅಮೀರಬಾಯಿ. ಜೋಗುಳದಂಥ ಹಾಡು, ಕೃಷ್ಣನನ್ನು ಕರೆಯುವ ಭಜನೆ, ದೀಪಾವಳಿಯ ದಿನ ತನ್ನ ಮನೆಯಲ್ಲಿ ಮಾತ್ರ ಕತ್ತಲೆ ಎಂದು ಅಳುವ ಹಾಡು - ಒಂದಕ್ಕಿಂತ ಒಂದು ಮೇಲು.

ಅವುಗಳಲ್ಲಿ ಒಂದರ ಕಥೆಯನ್ನು ಇಲ್ಲಿ ಬಿಡಿಸಿ ಹೇಳಲೇಬೇಕು. 1942ರ ಆಗಸ್ಟ್‌ನಲ್ಲಿ 'ಚಲೇಜಾವ್' ಚಳವಳಿ ಎದ್ದಿತ್ತು. ನಮ್ಮ ಪಕ್ಕದ ಸಾತಾರಾ ಭಾಗದಲ್ಲಂತೂ ಮುಂದೆ ನಾನಾ ಪಾಟೀಲರ ಪತ್ರಿಸರಕಾರವೇ ನಡೆಯಿತು. ಮುಖಂಡರೆಲ್ಲ ಜೇಲಿನಲ್ಲಿ. ಅಂಥ ಹೊತ್ತಿಗೆ 1943ರ ಜನವರಿಯಲ್ಲಿ ತೆರೆಕಂಡ 'ಕಿಸ್ಮತ್'ನಲ್ಲಿ ಕವಿ ಪ್ರದೀಪರು ಬರೆದ, ಹಿಮಾಲಯದ ಹೆಸರೆತ್ತಿ ಪರದೇಶದವರನ್ನು ದೂರ ಸರಿಯಿರಿ ಎಂದು ಗದರಿಸುವ ಸಮೂಹಗೀತೆ ಇತ್ತು. ನಡುವೆ ಜರ್ಮನಿ, ಜಪಾನಿನ ಹೆಸರನ್ನು ಹಾಕಿದ್ದರಿಂದ ಸರಕಾರದ ಕತ್ತರಿಯಿಂದ ಪಾರಾಯಿತು. ನೋಡುವ ಜನಕ್ಕೆ ಗುರಿ ಯಾರ ಮೇಲೆ ಎಂದು ಗೊತ್ತಾಗದೆ ಇರುತ್ತದೆಯೇ? ಟಾಕೀಜುಗಳಲ್ಲಿ 'ವನ್ಸ್ ಮೋರ್' ಕೂಗಿ, ರೀಲು ಹಿಂದೆ ಸುತ್ತಿ, ಅದೇ ಹಾಡನ್ನು ಮತ್ತೆ ತೋರಿಸುತ್ತಿದ್ದರು. ಸರಕಾರಕ್ಕೆ ಮರ್ಮ ತಿಳಿದ ಮೇಲೆ ಪ್ರದೀಪರು ಕೆಲದಿನ ತಲೆಮರೆಸಿಕೊಂಡರು. ಖಾನ್ ಮಸ್ತಾನಾ ಜೊತೆ ಆ ಹಾಡು ಹಾಡಿದವರು ಅಮೀರಬಾಯಿ. ಇಪ್ಪತ್ತು ವರ್ಷದ ಮೇಲೆ, 1963ರ ಜನವರಿ 27ರಂದು ದಿಲ್ಲಿಯಲ್ಲಿ ನೆಹರೂ ಅವರ ಮುಂದೆ ಲತಾ ಹಾಡಿದ, ಚೀನಾ ಯುದ್ಧದಲ್ಲಿ ಮಡಿದ ಸೈನಿಕರ ನೆನಪಿನ ಗೀತೆಯೂ ಇದೇ ಪ್ರದೀಪರದು. ಅದರ ಕಥೆ ಪ್ರತಿ ಜನವರಿಗೆ ಕಿವಿಗೆ ಬೀಳುತ್ತದೆ. 1943ರದನ್ನು ಯಾರು ಹಾಡಿದರು ಎಂದು ಕೇಳುವವರಿಲ್ಲ.

'ಕಿಸ್ಮತ್' ಮುಗಿದದ್ದೇ ತಡ, ಅಮೀರಬಾಯಿಗೆ ಪುರಸೊತ್ತು ಇಲ್ಲದಂತಾಯಿತು. 1944ರಲ್ಲಿ ನೌಶಾದರ 'ರತನ್', ಅದೇ ವರ್ಷ ಖೇಮಚಂದ ಪ್ರಕಾಶರ 'ಭರ್ತೃಹರಿ'ಯಲ್ಲಿ ಸುರೇಂದ್ರ ಜೊತೆ ಹಾಡಿದ ಭಿಕ್ಷೆಯ ಹಾಡು, 1947ರಲ್ಲಿ ಸಿ. ರಾಮಚಂದ್ರರ 'ಶಹನಾಯಿ'. ಗುಜರಾತಿಗಳು ಅವರನ್ನು ತಮ್ಮವರೇ ಎಂದುಕೊಂಡರು. 1946ರ 'ರಾಣಕದೇವಿ' ಚಿತ್ರದಲ್ಲಿ ಅವರು ಹಾಡಿದ್ದು ಆ ಸೀಮೆಯಲ್ಲಿ ಮನೆಮಾತಾಯಿತು. 1948ರ 'ಶಹನಾಜ್' ಚಿತ್ರಕ್ಕೆ ಸಂಗೀತ ನಿರ್ದೇಶನವನ್ನೂ ಮಾಡಿದರು. ಹೆಣ್ಣುಮಗಳು ಬಾಜಾಪೆಟ್ಟಿಗೆ ಮುಂದೆ ಕೂತು ಹತ್ತಾರು ವಾದ್ಯದವರಿಗೆ ಹೀಗೆ ಬಾರಿಸಿ ಎನ್ನುವುದು ಅಂದಿಗೆ ಅಪರೂಪ, ಇಂದಿಗೂ ಅಷ್ಟೇನೂ ಸಾಮಾನ್ಯವಲ್ಲ. ಕನ್ನಡಿಗರು ಅವರನ್ನು 'ಕನ್ನಡ ಕೋಗಿಲೆ' ಎಂದರು.

ಹೊರಗೆ ಇಷ್ಟು ವೈಭವ; ಒಳಗೆ ಸುಖ ಇರಲಿಲ್ಲ. ಲಗ್ನವಾದದ್ದು ಹಿಮಾಲಯವಾಲಾ ಎಂಬ ನಟನ ಜೊತೆ. ಖಳನಾಯಕನ ಪಾತ್ರಕ್ಕೆ ಹೆಸರಾದವರು. ಮನೆಯಲ್ಲಿಯೂ ಅಮೀರಬಾಯಿಗೆ ಹೊಡೆತ ಬಡಿತ ತಪ್ಪಲಿಲ್ಲ. ಆ ಸಂಬಂಧ ಮುರಿಯಿತು. ದೇಶ ಒಡೆದ ಮೇಲೆ ಅವರು ಪಾಕಿಸ್ತಾನದ ಚಿತ್ರರಂಗ ಸೇರಿದರು. ಮುಂದೆ 'ಪಾರಸ್' ಪತ್ರಿಕೆಯ ಸಂಪಾದಕ ಬದ್ರಿ ಕಾಂಚವಾಲಾ ಅವರನ್ನು ಅಮೀರಬಾಯಿ ಮದುವೆಯಾದರು. ಇಡೀ ಹಿಂದೂಸ್ತಾನ ಕೇಳುವ ದನಿ ಇದ್ದೂ ತನ್ನ ಮನೆಯೊಳಗೆ ತನ್ನ ಮಾತು ನಡೆಯದ ಹೆಣ್ಣುಮಕ್ಕಳು ನಮ್ಮ ಓಣಿಗಳಲ್ಲಿಯೂ ಇದ್ದಾರೆ. ಅವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಕ್ಕನ ದಾರಿ ಬೇರೆ

ಗೋಹರಬಾಯಿಯ ಕಥೆ ಹೇಳದೆ ಹೋದರೆ ಸಾಂಗಲಿಯ ಕೊಂಡಿ ಸಿಗುವುದಿಲ್ಲ. ಬಾಲಗಂಧರ್ವ ಎಂದರೆ ನಾರಾಯಣ ಶ್ರೀಪಾದ ರಾಜಹಂಸ. ಹೆಣ್ಣು ವೇಷದಲ್ಲಿ ರಂಗಕ್ಕೆ ಬಂದರೆ ಹೆಂಗಸರೇ ಅವರ ಸೀರೆ, ನಡಿಗೆ ನೋಡಿ ಕಲಿಯುತ್ತಿದ್ದ ಕಾಲ. ಸಾಂಗಲಿ ಜಿಲ್ಲೆಯ ನಾಗಠಾಣೆಯ ಹೆಸರು ಅವರ ಹೆಸರಿನ ಜೊತೆಗೇ ಬರುತ್ತದೆ. 1905ರಲ್ಲಿ ಕಿರ್ಲೋಸ್ಕರ ನಾಟಕ ಮಂಡಳಿಯ ಶಕುಂತಲೆಯಾಗಿ ಅವರು ಮೊದಲು ರಂಗಕ್ಕೆ ಬಂದದ್ದು ನಮ್ಮ ಮಿರಜದಲ್ಲಿ. ಅವರ ಗಾಯನಶೈಲಿಯನ್ನು ಕೊರಳಲ್ಲಿ ತುಂಬಿಕೊಂಡ ಬೀಳಗಿಯ ಗೋಹರಬಾಯಿ 1930ರ ದಶಕದ ಕೊನೆಗೆ ಅವರ ಕಂಪನಿ ಸೇರಿದರು. ಗಂಧರ್ವರು ಬಿಟ್ಟುಕೊಟ್ಟ ಸ್ತ್ರೀಪಾತ್ರಗಳನ್ನು ಗೋಹರಬಾಯಿ ಮಾಡಿದರು. ಮರಾಠಿ ಮಂದಿ ಇದನ್ನು ಸುಲಭಕ್ಕೆ ನುಂಗಿಕೊಳ್ಳಲಿಲ್ಲ. ಕಂಪನಿ ಮುಳುಗಿದ್ದಕ್ಕೆ ಗೋಹರಬಾಯಿಯೇ ಕಾರಣ ಎಂದವರು ಬಹಳ. ಆದರೆ ಸಾಲ, ದುಂದು ಖರ್ಚು ಆಕೆ ಬರುವುದಕ್ಕೆ ಬಹಳ ಮೊದಲೇ ಇದ್ದವು. ಜೊತೆಗೆ ಬೋಲಪಟ ಬಂದು ಎಲ್ಲ ನಾಟಕ ಕಂಪನಿಗಳ ಗಲ್ಲಾಪೆಟ್ಟಿಗೆ ಖಾಲಿಯಾಗುತ್ತಿತ್ತು. ಲೆಕ್ಕ ಬಲ್ಲ ವ್ಯಾಪಾರಿಗಳು ಈ ಆರೋಪವನ್ನು ಒಪ್ಪಲಾರರು ಎಂದು ನನ್ನ ನಂಬಿಕೆ. 1951ರಲ್ಲಿ ಇಬ್ಬರ ವಿವಾಹವಾಯಿತು. ಮುಪ್ಪಿನಲ್ಲಿ, ಬಡತನದಲ್ಲಿ ಗಂಧರ್ವರ ಜೊತೆ ಇದ್ದವರು ಗೋಹರಬಾಯಿ. 1964ರಲ್ಲಿ ಅವರು ತೀರಿದರು, 1967ರಲ್ಲಿ ಗಂಧರ್ವರು.

ಅದೇ ಕಿರ್ಲೋಸ್ಕರ ಮಂಡಳಿಯಲ್ಲಿ ಪಳಗಿ ಹೊರಬಂದ ಇನ್ನೊಬ್ಬ ಗಾಯಕ-ನಟ ಮಾಸ್ಟರ್ ದೀನಾನಾಥ ಮಂಗೇಶಕರ. 1918ರಲ್ಲಿ ಬಲವಂತ ಸಂಗೀತ ಮಂಡಳಿ ಕಟ್ಟಿದರು. ಅವರ ಹಿರಿಯ ಮಗಳೇ ಲತಾ. ಇಲ್ಲೊಂದು ಮಾತು ಹೇಳದಿದ್ದರೆ ನಾಲಿಗೆ ಸುಮ್ಮನಿರದು. ಮರಾಠಿ ಸಂಗೀತ ನಾಟಕದ ಮೂಲಪುರುಷ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ, 1843ರಲ್ಲಿ. ಅದೇ 1843ರಲ್ಲಿ ಸಾಂಗಲಿ ದರಬಾರಿನಲ್ಲಿ ವಿಷ್ಣುದಾಸ ಭಾವೆ ಅವರು ಮರಾಠಿಯ ಮೊದಲ ನಾಟಕ ಆಡಿಸಿದರು. ಅದಕ್ಕೆ ಪ್ರೇರಣೆ ಸಾಂಗಲಿಗೆ ಬಂದು ಆಟ ಆಡಿದ ಕರ್ನಾಟಕದ ಭಾಗವತ ಮೇಳ. ಕೊಟ್ಟದ್ದೆಷ್ಟು ತಂದದ್ದೆಷ್ಟು ಎಂದು ಖಾತೆ ಬರೆಯಲು ಕೂತರೆ ಎರಡೂ ಕಡೆಯ ವಹಿ ತುಂಬಿ ಹೋದೀತು.

ಸಾಂಗಲಿಯ ಹುಡುಗಿ

ಲತಾ ಹುಟ್ಟಿದ್ದು 1929ರ ಸೆಪ್ಟೆಂಬರ್ 28ರಂದು ಇಂದೂರಿನಲ್ಲಿ. ಬಾಲ್ಯ ಸಾಂಗಲಿಯಲ್ಲಿ. ತಂಗಿ ಆಶಾ 1933ರಲ್ಲಿ ಸಾಂಗಲಿಯಲ್ಲಿಯೇ ಹುಟ್ಟಿದರು. ತಂದೆ ಒಮ್ಮೆ ಶಿಷ್ಯನೊಬ್ಬನಿಗೆ ಪೂರಿಯಾ ಧನಾಶ್ರೀ ಹಾಡುತ್ತಿರು ಎಂದು ಹೇಳಿ ಒಳಗೆ ಹೋಗಿದ್ದಾಗ, ಆಡುತ್ತಿದ್ದ ಚಿಕ್ಕ ಲತಾ ಬಂದು 'ಹಾಗಲ್ಲ, ಹೀಗೆ' ಎಂದು ತಿದ್ದಿದ ಸಂಗತಿಯನ್ನು ಸ್ವತಃ ಲತಾ ಹಲವು ಸಲ ಹೇಳಿದ್ದಾರೆ. ಮನೆಯಲ್ಲಿಯೇ ಗಾಯಕಿ ಇದ್ದಾಳೆಂದು ತಂದೆಗೆ ಗೊತ್ತಾದದ್ದು ಆಗ. ತಂದೆ ಚಲನಚಿತ್ರಕ್ಕೆ ಕೈ ಹಾಕಿ ಕೈ ಸುಟ್ಟುಕೊಂಡರು. ಸಾಂಗಲಿ ಬಿಟ್ಟು ಪುಣೆಗೆ ಹೋಗಬೇಕಾಯಿತು. 1942ರ ಏಪ್ರಿಲ್‌ನಲ್ಲಿ ದೀನಾನಾಥರು ತೀರಿದಾಗ ಲತಾಗೆ ಹನ್ನೆರಡು ತುಂಬಿ ಹದಿಮೂರು ನಡೆಯುತ್ತಿತ್ತು. ಹಿಂದೆ ನಾಲ್ವರು ತಮ್ಮ-ತಂಗಿಯರು. ಮಾಸ್ಟರ್ ವಿನಾಯಕರ ಕಂಪನಿಯಲ್ಲಿ ಸಣ್ಣಪುಟ್ಟ ಪಾತ್ರ ಮಾಡುತ್ತ ಕೊಲ್ಹಾಪುರ, ಆಮೇಲೆ 1945ರಲ್ಲಿ ಮುಂಬಯಿ. ಅತ್ತ ಆ ಹೊತ್ತಿಗೆ ಅಮೀರಬಾಯಿ ಬೆಳಗಿನಿಂದ ಸಂಜೆಯವರೆಗೆ ಸ್ಟುಡಿಯೋದಿಂದ ಸ್ಟುಡಿಯೋಕ್ಕೆ ಓಡಾಡುತ್ತಿದ್ದ ಕಾಲ.

ಲತಾ ದನಿ ಮೊದಲು ಯಾರಿಗೂ ಹಿಡಿಸಲಿಲ್ಲ. ನಿರ್ಮಾಪಕ ಎಸ್. ಮುಖರ್ಜಿ 'ಬಹಳ ತೆಳು' ಎಂದು ಬದಿಗಿಟ್ಟರು. ಸಂಗೀತ ನಿರ್ದೇಶಕ ಗುಲಾಮ್ ಹೈದರ್ ಹಟ ಹಿಡಿದು 1948ರ 'ಮಜಬೂರ್'ನಲ್ಲಿ ಹಾಡಿಸಿದರು. ತೆಳು ಎಂದರೆ ಯಾರಿಗೆ ಹೋಲಿಸಿ? ಅಮೀರಬಾಯಿ, ಜೋಹ್ರಾಬಾಯಿ, ಶಮಶಾದ್ ಬೇಗಮ್ ಅವರಿಗೆ ಹೋಲಿಸಿ. ಅವು ತುಂಬಿದ ದನಿಗಳು. ಅದರಲ್ಲೂ ನಾಟಕದ ಮನೆಯಿಂದ ಬಂದವರದು ಮೈಕಿಲ್ಲದೆ ಹಿಂದಿನ ಸಾಲಿನವರಿಗೂ ಮುಟ್ಟಬೇಕೆಂದು ಹದಗೊಂಡ ಕಂಠ. ಆದರೆ ಮೈಕು ಸುಧಾರಿಸುತ್ತ ಹೋಯಿತು. ಉಸಿರೆಳೆದದ್ದೂ ಕೇಳಿಸುವ ಮೈಕಿಗೆ ಭಾರದ ದನಿಗಿಂತ ಸೂಜಿಮೊನೆಯ ದನಿ ಒಪ್ಪಿತು. ಕಪಲಿ ಬಾವಿಗೆ ಪಂಪು ಬಂದಾಗ ಎತ್ತಿನ ಬಲ ಕಡಿಮೆಯಾಗಿರಲಿಲ್ಲ. ಬೇಡಿಕೆ ಬದಲಾಗಿತ್ತು, ಅಷ್ಟೇ.

1949ರಲ್ಲಿ 'ಮಹಲ್' ಬಂತು. ಸಂಗೀತ ಖೇಮಚಂದ ಪ್ರಕಾಶ - ಐದು ವರ್ಷದ ಹಿಂದೆ ಅಮೀರಬಾಯಿಗೆ 'ಭರ್ತೃಹರಿ'ಯ ಹಾಡು ಕೊಟ್ಟವರು. ಮಧುಬಾಲಾಗೆ ದನಿ ಲತಾ. ಮೊದಮೊದಲು ರಿಕಾರ್ಡಿನ ಮೇಲೆ ಹಾಡಿದವರ ಹೆಸರೇ ಇರಲಿಲ್ಲ, ಪಾತ್ರದ ಹೆಸರು 'ಕಾಮಿನಿ' ಎಂದಿತ್ತು. ಯಾರು ಹಾಡಿದ್ದು ಎಂದು ಕೇಳುಗರು ರೇಡಿಯೋದವರಿಗೆ ಗಂಟು ಬಿದ್ದ ಮೇಲೆ ಹೆಸರು ಹೊರಗೆ ಬಂತು. ಅದೇ ವರ್ಷ 'ಬರಸಾತ್', 'ಅಂದಾಜ್'. ಅಲ್ಲಿಂದ ಹಿಂದಿ ಸಿನಿಮಾದ ನಾಯಕಿ ಎಂದರೆ ಲತಾ ದನಿ ಎಂಬಂತಾಯಿತು. ಹಾಡಿದವರಿಗೆ ಹೆಸರು ಬೇಕು, ರಿಕಾರ್ಡು ಮಾರಿದಷ್ಟೂ ಪಾಲು ಬೇಕು ಎಂದು ಲತಾ ಜಗಳವಾಡಿ ಪಡೆದರು. ರಫಿ ಸಾಹೇಬರ ಜೊತೆ ಮುನಿಸಾದರೂ ಬಿಡಲಿಲ್ಲ. ಹಿನ್ನೆಲೆ ಗಾಯನಕ್ಕೆ ಫಿಲ್ಮಫೇರ್ ಪ್ರಶಸ್ತಿ ಇಡಲು ಶುರು ಮಾಡಿದ್ದೂ ಅವರ ಒತ್ತಾಯದಿಂದ. 'ಮಧುಮತಿ'ಯ ಹಾಡಿಗೆ ಮೊದಲ ಪ್ರಶಸ್ತಿ ಅವರಿಗೇ ಬಂತು. ಅಮೀರಬಾಯಿ ಪೀಳಿಗೆಯವರಿಗೆ ಇದ್ಯಾವುದೂ ಇರಲಿಲ್ಲ. ಕೂಲಿಯಂತೆ ಹಾಡಿದ ದಿನದ ದುಡ್ಡು, ಕೆಲಸ ಮುಗಿಯಿತು. 'ಕಿಸ್ಮತ್' ಮೂರು ವರ್ಷ ಓಡಿದ್ದರ ಫಸಲು ಬೇರೆಯವರ ಕಣಕ್ಕೆ ಹೋಯಿತು.

ಹಾಗೆಂದು ಲತಾ ಅಮೀರಬಾಯಿಯ ಅನ್ನ ಕಸಿದರು ಎಂಬ ಮಾತು ಬೇಡ. ಹಸಿದ ಮನೆಯ ಹಿರಿಮಗಳು ದುಡಿದು ಮೇಲೆ ಬಂದಳು. ಕೇಳುವವರ ಕಿವಿ ಬದಲಾಗಿತ್ತು. ಅಮೀರಬಾಯಿ 1950ರ ದಶಕದಲ್ಲಿ ಹಾಡು ಕಡಿಮೆಯಾದಂತೆ ಮತ್ತೆ ಬಣ್ಣ ಹಚ್ಚಿ ತಾಯಿ, ಅತ್ತೆಯಂಥ ಪೋಷಕ ಪಾತ್ರಗಳಿಗೆ ತಿರುಗಿದರು. 1965ರ ಮಾರ್ಚ್ 3ರಂದು, ಪಾರ್ಶ್ವವಾಯು ಬಡಿದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಅವರ ಮಣ್ಣು ಆದದ್ದು ವಿಜಾಪುರದಲ್ಲಿ. ಆ ಊರಿನ ಅಮೀರ ಟಾಕೀಜು ಅವರ ಮನೆತನದ್ದು, ಅವರದೇ ಹೆಸರಿನದು. ಅಲ್ಲಿ ಸಿನಿಮಾ ನೋಡಿ ಬಂದ ನಮ್ಮ ಕಡೆಯ ಎಷ್ಟು ಮಂದಿಗೆ ಆ ಹೆಸರು ಯಾರದು ಎಂದು ಗೊತ್ತಿತ್ತೋ! ಈಚಿನ ವರ್ಷಗಳಲ್ಲಿ ಡಾ. ರಹಮತ್ ತರೀಕೆರೆ ಅವರು ಊರೂರು ತಿರುಗಿ ಅಮೀರಬಾಯಿ ಮೇಲೆ ಕನ್ನಡದಲ್ಲಿ ಪುಸ್ತಕವನ್ನೇ ಬರೆದರು. ಇಲ್ಲದಿದ್ದರೆ ಇಷ್ಟೂ ಉಳಿಯುತ್ತಿರಲಿಲ್ಲ.

ಲತಾ ಕನ್ನಡದಲ್ಲಿ ಹಾಡಿದ್ದು 1967ರ 'ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ' ಚಿತ್ರಕ್ಕೆ, ಲಕ್ಷ್ಮಣ ಬೆರಳೇಕರರ ಸಂಗೀತದಲ್ಲಿ. ಬೆಳಗಾಗುವುದನ್ನು ಹೇಳುವ ಆ ಹಾಡು ಬಂದರೆ ಇಂದಿಗೂ ನಮ್ಮ ಕಡೆ ರೇಡಿಯೋ ದನಿ ದೊಡ್ಡದಾಗುತ್ತದೆ. ಅಮೀರಬಾಯಿ ತೀರಿ ಆಗ ಎರಡು ವರ್ಷವಾಗಿತ್ತು. ಲತಾಗೆ 2001ರಲ್ಲಿ ಭಾರತರತ್ನ ಬಂತು. 2022ರ ಫೆಬ್ರುವರಿ 6ರಂದು ಮುಂಬಯಿಯಲ್ಲಿ ಅವರು ತೀರಿದಾಗ ಸಾಂಗಲಿಯೂ ಅತ್ತಿತು, ವಿಜಾಪುರವೂ ಅತ್ತಿತು.

ಇನ್ನು ಮೇಲೆ ಯಾವುದಾದರೂ ಮದುವೆಯಲ್ಲಿ ಬ್ಯಾಂಡಿನವರು 'ಸಮಾಧಿ'ಯ ಆ ಹಾಡು ಬಾರಿಸಿದರೆ, ಮನೆಗೆ ಬಂದು ಮೂಲದ್ದನ್ನು ಮೊಬೈಲಿನಲ್ಲಿ ಹಚ್ಚಿ ಕೇಳಿರಿ. ಎಳೆ ನೂಲಿನಂಥ ದನಿ ಗುರುತು ಸಿಗುತ್ತದೆ, ಅದು ಲತಾ. ಅದರ ಬೆನ್ನಿಗೆ, ಕುಲದೀಪ ಕೌರ್ ಬಾಯಿ ತೆರೆದಾಗ, ತುಸು ಕೆಳಗಿನ, ತುಸು ದಪ್ಪ, ನಾಟಕದ ಮಣ್ಣಿನ ವಾಸನೆಯ ದನಿಯೊಂದು ಬರುತ್ತದೆ. ಅದು ಬೀಳಗಿಯದು.